ಪಕ್ಷಕ್ಕೊಂದು ನಿಲುವು ಯಾಕೆ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ರಾಜಕೀಯದ ಮಾತು ಎತ್ತಿದರೆ ಸಾಕು, ಅವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಪಕ್ಷ ಅಂದಮೇಲೆ ಗೆಲ್ಲೋದು ಮುಖ್ಯ, ನೀತಿ ನಿಯತ್ತು ಎಲ್ಲ ಆಮೇಲೆ ಅನ್ನುವವರೇ ಜಾಸ್ತಿ. ಸೋತ ಮೇಲೆ "ಜನರಿಗೆ ನಮ್ಮ ಮೇಲೆ ನಂಬಿಕೆಯೇ ಬರಲಿಲ್ಲ" ಅಂತ ಗೋಳಾಡುವವರೂ ಅವರೇ. ನನ್ನ ಕಿವಿಗೆ ಹೆಚ್ಚು ಸಲ ಬಿದ್ದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯ ಧಾರಾಳವಾಗಿ ಬೆರೆತಿದೆ, ಅದನ್ನು ಮುಚ್ಚಿಡುವುದಿಲ್ಲ.

ಜನರಿಗೆ ಬೇಕಾಗಿರೋದು ರಸ್ತೆ, ನೀರು, ಕೆಲಸ. ನೈತಿಕತೆ ಕಟ್ಟಿಕೊಂಡು ಏನು ಮಾಡೋದು?

ರಸ್ತೆ, ನೀರು, ಕೆಲಸ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಚುನಾವಣೆ ಹೊತ್ತಿಗೆ ಬರುವ ಪ್ರಣಾಳಿಕೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿ ನೋಡಿ. ಎಲ್ಲರೂ ರಸ್ತೆ ಕೊಡುತ್ತಾರೆ. ಎಲ್ಲರೂ ನೀರು ಕೊಡುತ್ತಾರೆ. ಕೆಲಸವಂತೂ ಲಕ್ಷದ ಲೆಕ್ಕದಲ್ಲಿ ಕೊಡುತ್ತಾರೆ. ಮೇಲಿನ ಚಿಹ್ನೆ ಮುಚ್ಚಿಬಿಟ್ಟರೆ ಯಾವುದು ಯಾರದ್ದು ಅಂತ ಆ ಪಕ್ಷದವರೇ ಹೇಳಲಾರರು.

ವ್ಯತ್ಯಾಸ ಕಾಣುವುದು ಖಜಾನೆಯಲ್ಲಿ ದುಡ್ಡು ಸಾಲದೆ ಬಂದಾಗ. ಹತ್ತು ರಸ್ತೆಗೆ ಮಾತು ಕೊಟ್ಟಾಗಿದೆ, ನಾಲ್ಕಕ್ಕೆ ಮಾತ್ರ ದುಡ್ಡಿದೆ. ಯಾವ ನಾಲ್ಕು? ಮುಖಂಡರ ಮನೆ ಮುಂದಿನದೋ, ಆಂಬುಲೆನ್ಸ್ ಹೋಗಲಾಗದ ಓಣಿಯದೋ? ಅಲ್ಲಿಗೆ ಬಂತು ನೋಡಿ, ರಸ್ತೆಯ ಪ್ರಶ್ನೆಯೇ ನ್ಯಾಯದ ಪ್ರಶ್ನೆ ಆಗಿಬಿಡುತ್ತದೆ. ಇಕ್ಕಟ್ಟು ಬಂದಾಗ ಇವರು ಮೊದಲು ಯಾರನ್ನು ಕೈಬಿಡುತ್ತಾರೆ ಅಂತ ಮತದಾರ ಒಳಗೊಳಗೇ ಅಂದಾಜು ಹಾಕುತ್ತಿರುತ್ತಾನೆ.

ನೈತಿಕ ನಿಲುವು ಅಂದರೆ ಲಂಚ ಮುಟ್ಟದಿರೋದು, ಅಷ್ಟೇ ತಾನೇ?

ಅದು ಬಾಗಿಲು ದಾಟಲು ಬೇಕಾದ ಅರ್ಹತೆ ಅಷ್ಟೇ. ಜೀವಮಾನದಲ್ಲಿ ಒಂದು ಪೈಸೆ ಮುಟ್ಟದವರಿದ್ದಾರೆ, ಕಣ್ಣೆದುರಿನ ಒಂದು ಅನ್ಯಾಯಕ್ಕೂ ಬಾಯಿ ಬಿಡದೆ ಅವಧಿ ಮುಗಿಸಿರುತ್ತಾರೆ. "ಇದು ತಪ್ಪು, ಲಾಭ ಇದ್ದರೂ ಮಾಡಲ್ಲ, ಇದು ಸರಿ, ನಷ್ಟ ಆದರೂ ಬಿಡಲ್ಲ" ಅಂತ ಪಕ್ಷ ತನಗೆ ತಾನೇ ಎಳೆದುಕೊಳ್ಳುವ ಗೆರೆಯನ್ನು ನಾನು ನಿಲುವು ಅನ್ನುತ್ತೇನೆ. ಆ ಗೆರೆ ಎಲ್ಲಿದೆ ಅಂತ ಕಾರ್ಯಕರ್ತನಿಗೂ ಗೊತ್ತಿರಬೇಕು, ಎದುರಾಳಿಗೂ ಗೊತ್ತಿರಬೇಕು.

ಕಾಲೇಜು ದಿನಗಳಲ್ಲಿ ನಾನು ಒಂದು ಪಕ್ಷದ ಕರಪತ್ರ ಹಂಚುತ್ತ ಮನೆ ಮನೆ ತಿರುಗಿದ್ದೆ. ಒಂದು ಮನೆಯ ಅಜ್ಜಿ ಕನ್ನಡಕ ತರಿಸಿಕೊಂಡು ಎರಡೂ ಬದಿ ಪೂರ್ತಿ ಓದಿದರು. ಆಮೇಲೆ ಮೂರನೇ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ನೀನು ನಂಬ್ತೀಯೇನಪ್ಪಾ?" ಅಂದರು. ಅಲ್ಲಿ ಏನು ಬರೆದಿದೆ ಅಂತ ನಾನೇ ಸರಿಯಾಗಿ ಓದಿರಲಿಲ್ಲ. "ಪಕ್ಷದವರು ಹೇಳಿದಾರೆ ಅಜ್ಜಿ" ಅಂದೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ವಾಪಸ್ ಕೊಟ್ಟರು. "ಪಕ್ಕದ ಮನೆಗೆ ಕೊಡು, ಕಾಗದ ಯಾಕೆ ದಂಡ" ಅಂದರು.

ಅದು ನಿಜವಾದ ನಿಲುವೋ ನಾಟಕವೋ ಜನರಿಗೆ ಹೇಗೆ ಗೊತ್ತಾಗುತ್ತದೆ?

ಅದಕ್ಕಾಗಿ ಏನು ಕಳೆದುಕೊಳ್ಳಲು ಸಿದ್ಧರಿದ್ದಾರೆ ಅನ್ನುವುದರಿಂದ. ನನಗೆ ಗೊತ್ತಿರುವ ಅಳತೆಗೋಲು ಇದೊಂದೇ. ಖರ್ಚಿಲ್ಲದ ನಿಲುವನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 1933ರ ಮಾರ್ಚ್ 23. ಸಂಸತ್ ಭವನಕ್ಕೆ ಆಗಲೇ ಬೆಂಕಿ ಬಿದ್ದಿತ್ತು. ಹಾಗಾಗಿ ಬರ್ಲಿನ್ನಿನ ಒಂದು ಒಪೆರಾ ಮಂದಿರದಲ್ಲಿ ಸಭೆ. ಹಿಟ್ಲರನಿಗೆ ಸರ್ವಾಧಿಕಾರ ಕೊಡುವ ಕಾಯ್ದೆ ಮತಕ್ಕೆ ಬಂದಿದೆ. ಒಳಗೇ ನಾಜಿ ಪಡೆಯವರು ಸಾಲಾಗಿ ನಿಂತಿದ್ದಾರೆ. ಕಮ್ಯುನಿಸ್ಟ್ ಸದಸ್ಯರು ಒಬ್ಬರೂ ಇಲ್ಲ. ಜೈಲಿನಲ್ಲಿದ್ದಾರೆ, ಇಲ್ಲವೇ ತಲೆಮರೆಸಿಕೊಂಡಿದ್ದಾರೆ. ಆಗ ಸೋಷಿಯಲ್ ಡೆಮಾಕ್ರಟರ ನಾಯಕ ಒಟ್ಟೋ ವೆಲ್ಸ್ ಎದ್ದು ನಿಂತು ವಿರೋಧಿಸಿ ಮಾತಾಡಿದರು. ನಮ್ಮ ಸ್ವಾತಂತ್ರ್ಯ, ಪ್ರಾಣ ಕಿತ್ತುಕೊಳ್ಳಬಹುದು, ಮಾನ ಕಿತ್ತುಕೊಳ್ಳಲಾಗದು ಅಂದರು. ಪರವಾಗಿ 444 ಮತ, ವಿರುದ್ಧ 94. ಆ 94 ಕೂಡ ಈ ಒಂದೇ ಪಕ್ಷದವು. ಮೂರು ತಿಂಗಳಲ್ಲಿ ಪಕ್ಷ ನಿಷೇಧವಾಯಿತು. ತಮಾಷೆ ನೋಡಿ, ಉಳಿದುಕೊಳ್ಳುವ ಆಸೆಯಿಂದ ಕಾಯ್ದೆಯ ಪರ ಮತ ಹಾಕಿದ ಸೆಂಟರ್ ಪಕ್ಷ ಜುಲೈ ಮೊದಲ ವಾರದಲ್ಲಿ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ತಲೆ ಬಾಗಿಸಿದವರೂ ಹೋದರು, ಬಾಗಿಸದವರೂ ಹೋದರು. ಯುದ್ಧ ಮುಗಿದ ಮೇಲೆ ಅದೇ ಹಳೆಯ ಹೆಸರಲ್ಲಿ ಜನರ ಮುಂದೆ ಬಂದು ಮತ್ತೆ ದೊಡ್ಡ ಪಕ್ಷವಾಗಿ ಬೆಳೆದದ್ದು ಬಾಗಿಸದವರು.

ಈಗ 1970ರ ಡಿಸೆಂಬರ್ 7ಕ್ಕೆ ಬನ್ನಿ. ಅದೇ ಪಕ್ಷದ ವಿಲ್ಲಿ ಬ್ರಾಂಟ್ ಪಶ್ಚಿಮ ಜರ್ಮನಿಯ ಚಾನ್ಸಲರ್. ವಾರ್ಸಾದಲ್ಲಿ ನಾಜಿಗಳ ವಿರುದ್ಧ ದಂಗೆಯೆದ್ದು ಸತ್ತ ಯಹೂದಿಗಳ ಸ್ಮಾರಕಕ್ಕೆ ಹೂವಿನ ಹಾರ ಇಡಲು ಹೋದರು. ಹಾರ ಇಟ್ಟರು, ಅದರ ಪಟ್ಟಿಗಳನ್ನು ಸರಿಮಾಡಿದರು, ಎರಡು ಹೆಜ್ಜೆ ಹಿಂದೆ ಬಂದರು. ಅಷ್ಟಕ್ಕೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಬ್ರಾಂಟ್ ಒದ್ದೆ ಕಲ್ಲಿನ ಮೇಲೆ ಮಂಡಿಯೂರಿದರು. ಸುಮಾರು ಅರ್ಧ ನಿಮಿಷ. ಒಂದು ಮಾತಿಲ್ಲ. ನಾಜಿಗಳ ಪಾಪಕ್ಕೂ ಅವರಿಗೂ ಏನೇನೂ ಸಂಬಂಧ ಇರಲಿಲ್ಲ. 1933ರಲ್ಲೇ ನಾಜಿಗಳಿಂದ ತಪ್ಪಿಸಿಕೊಂಡು ನಾರ್ವೆಗೆ ಓಡಿಹೋದವರು ಅವರು.

ಊರಿನಲ್ಲಿ ಕೋಲಾಹಲ. ಆಗ ಪತ್ರಿಕೆಯೊಂದು ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 48 ಮಂದಿ ಇದು ಅತಿಯಾಯಿತು ಅಂದರು, ಸರಿ ಅಂದವರು 41. ಸಮೀಕ್ಷೆ ನೋಡಿ ನಡೆಯುವ ನಾಯಕನಾಗಿದ್ದರೆ ಮರುದಿನವೇ ಒಂದು "ಸ್ಪಷ್ಟೀಕರಣ" ಹೊರಡುತ್ತಿತ್ತು. ಬ್ರಾಂಟ್ ತಮ್ಮ ದಾರಿ ಬಿಡಲಿಲ್ಲ. 1972ರ ಏಪ್ರಿಲ್‌ನಲ್ಲಿ ಅವರ ವಿರುದ್ಧ ಅವಿಶ್ವಾಸ ನಿರ್ಣಯ ಬಂತು, ಎರಡೇ ಮತದಲ್ಲಿ ಬಿದ್ದುಹೋಯಿತು. ಅದೇ ನವೆಂಬರ್‌ನಲ್ಲಿ ಚುನಾವಣೆ. ಮತದಾನ ಶೇ 91.1. ಪಕ್ಷಕ್ಕೆ ಬಂದದ್ದು ಶೇ 45.8, ಅದರ ಇತಿಹಾಸದಲ್ಲೇ ಅತಿ ಹೆಚ್ಚು. ಮಂಡಿಯೂರಿದ್ದರಿಂದಲೇ ಗೆದ್ದರು ಅಂತ ನಾನು ಹೇಳುವುದಿಲ್ಲ. ನೆರೆ ದೇಶಗಳ ಜೊತೆಗಿನ ಒಪ್ಪಂದಗಳು, ಆಗಿನ ಆರ್ಥಿಕತೆ, ಎದುರಾಳಿಯ ದೌರ್ಬಲ್ಯ, ಎಲ್ಲ ಸೇರಿದ್ದವು. ಆದರೆ ನೂರಕ್ಕೆ 91 ಮಂದಿ ಮನೆಯಿಂದ ಎದ್ದು ಬಂದು ಮತ ಹಾಕಿದರಲ್ಲ, ಅದು ಬರೀ ಭತ್ಯೆಯ ಲೆಕ್ಕಕ್ಕೆ ಬರುವ ಜನ ಅಲ್ಲ.

ಬಹುಪಾಲು ಜನ ಒಪ್ಪದ ವಿಷಯ ಎತ್ತಿಕೊಂಡರೆ ಸೋಲು ಗ್ಯಾರಂಟಿ ಅಲ್ವಾ?

ಗ್ಯಾರಂಟಿ ಏನಿಲ್ಲ. 1981ರಲ್ಲಿ ಫ್ರಾನ್ಸಿನ ಅಧ್ಯಕ್ಷ ಚುನಾವಣೆ. ಮರಣದಂಡನೆ ಇರಬೇಕು ಅನ್ನುವವರೇ ದೇಶದಲ್ಲಿ ಹೆಚ್ಚಿದ್ದರು. ಮತದಾನಕ್ಕೆ ಕೆಲವೇ ವಾರ ಇರುವಾಗ ಫ್ರಾನ್ಸ್ವಾ ಮಿತ್ತರಾಂಗೆ ಟಿವಿ ಕಾರ್ಯಕ್ರಮದಲ್ಲಿ ಆ ಪ್ರಶ್ನೆ ಬಂತು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಬಹುಮತದ ಅಭಿಪ್ರಾಯ ಬೇರೆ ಇದೆ ಅಂತ ಗೊತ್ತು, ಆದರೂ ನನ್ನ ಆತ್ಮಸಾಕ್ಷಿಗೆ ಮರಣದಂಡನೆ ಒಪ್ಪಿಗೆಯಿಲ್ಲ ಅಂದರು. ಮೇ 10ರಂದು ಗೆದ್ದರು. ಅದೇ ಅಕ್ಟೋಬರ್‌ನಲ್ಲಿ ಮರಣದಂಡನೆ ರದ್ದಾಯಿತು.

ಅಮೆರಿಕದ 1948 ಇನ್ನೂ ಮಜವಾಗಿದೆ. ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಮಿನಿಯಾಪೊಲಿಸ್‌ನ ಮೇಯರ್, 37 ವರ್ಷದ ಹ್ಯೂಬರ್ಟ್ ಹಂಫ್ರಿ, ಕಪ್ಪು ಜನರ ನಾಗರಿಕ ಹಕ್ಕುಗಳನ್ನು ಪಕ್ಷ ಬಾಯಿಬಿಟ್ಟು ಬೆಂಬಲಿಸಬೇಕು ಅಂತ ಭಾಷಣ ಮಾಡಿದ. ಪಕ್ಷ ಒಡೆಯುತ್ತದೆ ಅಂತ ಹಿರಿಯರಿಗೆ ಭಯ. ಆ ಭಯ ಸುಳ್ಳಾಗಲಿಲ್ಲ. ದಕ್ಷಿಣದ ಕೆಲವು ಪ್ರತಿನಿಧಿಗಳು ಎದ್ದು ಹೊರನಡೆದರು, ಬೇರೆ ಪಕ್ಷ ಕಟ್ಟಿಕೊಂಡು ನಾಲ್ಕು ರಾಜ್ಯ ಗೆದ್ದರು. ಡೆಮಾಕ್ರಟಿಕ್ ಪಕ್ಷದವರೇ ಆದ ಅಧ್ಯಕ್ಷ ಟ್ರೂಮನ್ ಜುಲೈ 26ರಂದು ಸೇನೆಯಲ್ಲಿ ವರ್ಣಭೇದ ಕೊನೆಗಾಣಿಸುವ ಆದೇಶಕ್ಕೆ ಸಹಿ ಹಾಕಿದರು. ಆ ವರ್ಷ ಅವರು ಗೆಲ್ಲುತ್ತಾರೆ ಅಂತ ಹೇಳಿದ ಪಂಡಿತರು ಸಿಗುವುದೇ ಅಪರೂಪ. ಶಿಕಾಗೋದ ಪತ್ರಿಕೆಯೊಂದು ಟ್ರೂಮನ್ ಸೋತರು ಅಂತ ಮುಖಪುಟದಲ್ಲಿ ಅಚ್ಚು ಹಾಕಿಯೇಬಿಟ್ಟಿತ್ತು. ಗೆದ್ದ ಟ್ರೂಮನ್ ಆ ಪತ್ರಿಕೆಯನ್ನು ಎತ್ತಿಹಿಡಿದು ನಗುತ್ತಿರುವ ಫೋಟೋ ನೀವೂ ನೋಡಿರುತ್ತೀರಿ.

ಹಾಗಾದರೆ ಗಟ್ಟಿಯಾಗಿ ನಿಂತವರು ಗೆದ್ದೇ ಗೆಲ್ಲುತ್ತಾರಾ?

ಇಲ್ಲ. ಇದನ್ನು ಮುಚ್ಚಿಟ್ಟು ಮಾತಾಡುವವರನ್ನು ನಂಬಬೇಡಿ.

ಹಿಂದೂ ಸಂಹಿತೆ ಮಸೂದೆಯನ್ನು ಮೂಲೆಗೆ ತಳ್ಳಿದಾಗ ಅಂಬೇಡ್ಕರ್ 1951ರಲ್ಲಿ ಕಾನೂನು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಮದುವೆ, ಆಸ್ತಿ, ವಿಚ್ಛೇದನದಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಡುವ ಮಸೂದೆ ಅದು. ಮರುವರ್ಷ ಮುಂಬೈಯಲ್ಲಿ ಲೋಕಸಭೆಗೆ ನಿಂತು ಸೋತರು. ಆದರೆ ಆ ಮಸೂದೆ ಸಾಯಲಿಲ್ಲ. 1955 ಮತ್ತು 1956ರಲ್ಲಿ ತುಂಡು ತುಂಡಾಗಿ, ಬೇರೆ ಬೇರೆ ಕಾಯ್ದೆಗಳಾಗಿ ಜಾರಿಗೆ ಬಂತು.

ಅಮೆರಿಕದಲ್ಲೂ ಹಾಗೆಯೇ. 1964ರಲ್ಲಿ ಅಧ್ಯಕ್ಷ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ತಲೆಮಾರುಗಳಿಂದ ಅವರ ಪಕ್ಷದ ಜೇಬಿನಲ್ಲಿದ್ದ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಕೈತಪ್ಪಿದವು. ಅದು ಸಣ್ಣ ಬೆಲೆ ಅಲ್ಲ. ಕೆಲವು ನಿಲುವುಗಳ ಬಿಲ್ಲು ಐವತ್ತು ವರ್ಷದವರೆಗೂ ಬರುತ್ತಲೇ ಇರುತ್ತದೆ.

ನಿಲುವೇ ಇಲ್ಲದೆ ಆರಾಮಾಗಿ ಗೆದ್ದ ಪಕ್ಷಗಳಿಲ್ಲವಾ?

ಬೇಕಾದಷ್ಟು. ಒಂದು ಸಲ, ಎರಡು ಸಲ ಗೆಲ್ಲಬಹುದು. ಅಮೆರಿಕದ ವಿಗ್ ಪಕ್ಷ 1848ರಲ್ಲಿ ಜಾಕರಿ ಟೇಲರ್ ಅನ್ನುವ ಸೇನಾಪತಿಯನ್ನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿತು. ಯುದ್ಧ ಗೆದ್ದ ಹೀರೋ. ಜೀವನದಲ್ಲಿ ಒಮ್ಮೆಯೂ ಮತ ಹಾಕಿದವರಲ್ಲ. ಪಕ್ಷ ಆ ವರ್ಷ ಪ್ರಣಾಳಿಕೆಯನ್ನೇ ಮಾಡಲಿಲ್ಲ. ಮಾಡಿದರೆ ಗುಲಾಮಗಿರಿ ಬಗ್ಗೆ ಏನಾದರೂ ಹೇಳಬೇಕಾಗುತ್ತಿತ್ತಲ್ಲ! ಉತ್ತರದವರಿಗೆ ಒಂದು, ದಕ್ಷಿಣದವರಿಗೆ ಒಂದು ಮುಖ ತೋರಿಸಿಕೊಂಡು ಗೆದ್ದರು.

1852ರಲ್ಲಿ ಮತ್ತೊಬ್ಬ ಸೇನಾಪತಿಯನ್ನು ತಂದರು. ಗೆದ್ದದ್ದು ನಾಲ್ಕೇ ರಾಜ್ಯ. ಗುಲಾಮಗಿರಿ ಹರಡುವುದನ್ನು ತಡೆಯಲೇಬೇಕು ಅಂತ 1854ರಲ್ಲಿ ರಿಪಬ್ಲಿಕನ್ ಪಕ್ಷ ಹುಟ್ಟಿತು. ವಿಗ್ ಪಕ್ಷದ ಹಲವರು ಅಲ್ಲಿಗೇ ಹೋದರು. ಅವರಲ್ಲಿ ಅಬ್ರಹಾಂ ಲಿಂಕನ್ ಕೂಡ ಒಬ್ಬರು. ಹುಟ್ಟಿದ ಆರೇ ವರ್ಷದಲ್ಲಿ ಹೊಸ ಪಕ್ಷ ಅಧ್ಯಕ್ಷ ಪದವಿ ಹಿಡಿಯಿತು. ಅಷ್ಟರಲ್ಲಿ ವಿಗ್ ಪಕ್ಷದ ಬೋರ್ಡೂ ಉಳಿದಿರಲಿಲ್ಲ.

ಸಮೀಕ್ಷೆ ನೋಡೋದು ತಪ್ಪಾ?

ನೋಡಿ, ತಪ್ಪಿಲ್ಲ. ಜನರಿಗೆ ಎಲ್ಲಿ ನೋವಿದೆ ಅಂತ ತಿಳಿಯಲು ನೋಡಿ. ನಾವು ಏನನ್ನು ನಂಬಬೇಕು ಅಂತ ತಿಳಿಯಲು ನೋಡಬೇಡಿ. ಗಾಳಿ ಬಂದಾಗ ತೂರಿಕೊಳ್ಳುವುದು ಜಾಣತನವೇ, ಆದರೆ ತೂರಲು ಕೈಯಲ್ಲಿ ಕಾಳಿರಬೇಕು.

ನೈತಿಕತೆ ಜೊತೆ "ಬಲ" ಅಂತ ಸೇರಿಸೋದು ಯಾಕೆ? ಒಳ್ಳೆಯ ಮನಸ್ಸು ಸಾಲದಾ?

ಸಾಲದು. ನಿಮ್ಮ ಪರ ನಿಲ್ಲುತ್ತೇವೆ ಅಂತ ಹೇಳಿ, ನಿಲ್ಲಲು ಕಾಲಿಲ್ಲದಿದ್ದರೆ? ಮತದಾರ ಅಂಥವರನ್ನು ಕಂಡರೆ ಅಯ್ಯೋ ಪಾಪ ಅನ್ನುತ್ತಾನೆ, ವೋಟು ಬೇರೆಯವರಿಗೆ ಹಾಕುತ್ತಾನೆ.

1977ರ ಭಾರತವನ್ನೇ ತಗೊಳ್ಳಿ. ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋಗಿ ಬಂದವರು ಸೇರಿ ಜನತಾ ಪಕ್ಷ ಕಟ್ಟಿದರು. ಪ್ರಜಾಪ್ರಭುತ್ವ ಉಳಿಸಬೇಕು ಅನ್ನುವ ಮಾತಿಗೆ ಜೈಲುವಾಸವೇ ಸಾಕ್ಷಿ. ಇಂದಿರಾ ಗಾಂಧಿಯವರೇ ರಾಯ್‌ಬರೇಲಿಯಲ್ಲಿ ಸೋತರು. ಅಲ್ಲಿವರೆಗೆ ಸರಿ. ಆಮೇಲೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಪ್ರಧಾನಿ ಯಾರು, ಯಾವ ಬಣಕ್ಕೆ ಎಷ್ಟು ಪಾಲು ಅನ್ನುವ ಜಗಳದಲ್ಲೇ ಎರಡು ವರ್ಷ ಕಳೆಯಿತು. 1979ರ ಜುಲೈನಲ್ಲಿ ಸರ್ಕಾರ ಬಿತ್ತು. 1980ರ ಜನವರಿಯಲ್ಲಿ ಅದೇ ಜನ ಇಂದಿರಾ ಗಾಂಧಿಯವರಿಗೆ 353 ಸ್ಥಾನ ಕೊಟ್ಟರು. ಜನ ಮೂರೇ ವರ್ಷದಲ್ಲಿ ತುರ್ತು ಪರಿಸ್ಥಿತಿಯನ್ನು ಮರೆತುಬಿಟ್ಟರೇ? ನನಗೆ ಹಾಗನ್ನಿಸುವುದಿಲ್ಲ. ಕೊಟ್ಟ ಅಧಿಕಾರವನ್ನು ಹಿಡಿದುಕೊಳ್ಳಲೂ ಆಗದವರ ಮೇಲೆ ಸಿಟ್ಟು ಅದು.

ಇದರ ತಿರುಗುಮುರುಗು ಉದಾಹರಣೆ ಬ್ರಿಟನ್ನಿನ ಲೇಬರ್ ಪಕ್ಷ. 1945ರಲ್ಲಿ ಯುದ್ಧ ಗೆಲ್ಲಿಸಿದ ಚರ್ಚಿಲ್ ಎದುರಿಗಿದ್ದರೂ 393 ಸ್ಥಾನ ಗೆದ್ದಿತು. ಬಡವನಿಗೂ ಶ್ರೀಮಂತನಿಗೂ ಒಂದೇ ಆಸ್ಪತ್ರೆ, ಬಿಲ್ಲಿಲ್ಲದೆ ಚಿಕಿತ್ಸೆ ಅನ್ನುವ ಮಾತು ಕೊಟ್ಟಿತ್ತು. ಗೆದ್ದ ಮೇಲೆ ವೈದ್ಯರ ಸಂಘವೇ ತಿರುಗಿಬಿತ್ತು. 1948ರ ಆರಂಭದಲ್ಲಿ ಸಂಘದ ಮತದಾನದಲ್ಲಿ ಬಹುದೊಡ್ಡ ಪಾಲು ವೈದ್ಯರು ಈ ಯೋಜನೆ ಬೇಡ ಅಂದರು. ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್ ಏನು ಮಾಡಿದರು ಗೊತ್ತಾ? ತಜ್ಞ ವೈದ್ಯರು ಖಾಸಗಿಯಾಗಿಯೂ ರೋಗಿಗಳನ್ನು ನೋಡಬಹುದು ಅಂತ ಬಿಟ್ಟುಕೊಟ್ಟರು. ರೋಗಿಯ ಹತ್ತಿರ ದುಡ್ಡು ಕೇಳಬಾರದು ಅನ್ನುವುದನ್ನು ಮಾತ್ರ ಬಿಡಲಿಲ್ಲ. 1948ರ ಜುಲೈ 5ರಂದು ಯೋಜನೆ ಶುರುವಾಯಿತು. ಎಲ್ಲಿ ಬಗ್ಗಬೇಕು, ಎಲ್ಲಿ ಬಗ್ಗಬಾರದು ಅಂತ ಗೊತ್ತಿರುವುದಕ್ಕೆ ನಾನು ಬಲ ಅನ್ನುತ್ತೇನೆ. ಮೇಜು ಕುಟ್ಟುವುದಕ್ಕಲ್ಲ.

ಮೈತ್ರಿ ಸರ್ಕಾರದಲ್ಲಿ ರಾಜಿ ಮಾಡಿಕೊಳ್ಳದೆ ಹೇಗೆ ಆಗುತ್ತದೆ?

ರಾಜಿ ಇಲ್ಲದೆ ಸರ್ಕಾರ ನಡೆಯುವುದಿಲ್ಲ. ಯಾವುದರಲ್ಲಿ ರಾಜಿ ಅನ್ನುವುದಷ್ಟೇ ಪ್ರಶ್ನೆ.

ಬ್ರಿಟನ್ನಿನ ಲಿಬರಲ್ ಡೆಮಾಕ್ರಟ್ ಪಕ್ಷದವರಿಗೆ ಈ ಪಾಠ ದುಬಾರಿಯಾಯಿತು. 2010ರ ಚುನಾವಣೆಗೆ ಮುಂಚೆ ಅವರ ಅಭ್ಯರ್ಥಿಗಳು, ವಿಶ್ವವಿದ್ಯಾಲಯದ ಶುಲ್ಕ ಏರಿಸಿದರೆ ವಿರುದ್ಧ ಮತ ಹಾಕುತ್ತೇವೆ ಅಂತ ಬರೆದು ಸಹಿ ಹಾಕಿದ ಹಾಳೆ ಹಿಡಿದು ವಿದ್ಯಾರ್ಥಿಗಳ ಜೊತೆ ಫೋಟೋ ತೆಗೆಸಿಕೊಂಡರು. ಕನ್ಸರ್ವೇಟಿವ್ ಪಕ್ಷದ ಜೊತೆ ಸರ್ಕಾರ ಸೇರಿದರು. ಅದೇ ಡಿಸೆಂಬರ್‌ನಲ್ಲಿ ಶುಲ್ಕದ ಮಿತಿ 9,000 ಪೌಂಡಿಗೆ ಏರಿತು, ಹೆಚ್ಚುಕಡಿಮೆ ಮೂರು ಪಟ್ಟು. ಅವರ ಮಂತ್ರಿಗಳೂ ಪರವಾಗಿಯೇ ಮತ ಹಾಕಿದರು. 2015ರಲ್ಲಿ 57 ಸ್ಥಾನ ಇದ್ದದ್ದು 8ಕ್ಕೆ ಇಳಿಯಿತು.

ಅವರು ಸರ್ಕಾರದಲ್ಲಿದ್ದು ಒಳ್ಳೆಯ ಕೆಲಸ ಮಾಡಲಿಲ್ಲ ಅಂತಲ್ಲ. ಸಣ್ಣ ಆದಾಯದವರ ತೆರಿಗೆ ಇಳಿಸಿದ್ದರಲ್ಲಿ ಅವರ ಪಾಲು ದೊಡ್ಡದು. ಅದು ಯಾರಿಗೂ ನೆನಪಿಲ್ಲ, ಸಹಿ ಹಾಕಿದ ಹಾಳೆ ನೆನಪಿದೆ. ಹತ್ತು ವಿಷಯದಲ್ಲಿ ರಾಜಿಯಾದರೂ ಜನ ಸಹಿಸುತ್ತಾರೆ, ಕೈಯಾರೆ ಬರೆದುಕೊಟ್ಟ ಒಂದರಲ್ಲಿ ಸಹಿಸುವುದಿಲ್ಲ.

ದೃಢತೆಗೂ ಹಠಕ್ಕೂ ಏನು ವ್ಯತ್ಯಾಸ?

ದೃಢವಾಗಿರುವವರು ಕಿವಿ ತೆರೆದುಕೊಂಡಿರುತ್ತಾರೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರನ್ನು ಒಪ್ಪದವರೂ ಈಕೆ ಹೇಳಿದ್ದನ್ನೇ ಮಾಡುತ್ತಾರೆ ಅಂತ ಒಪ್ಪುತ್ತಿದ್ದರು. ಮೂರು ಚುನಾವಣೆ ಗೆಲ್ಲಿಸಿದ ಗುಣ ಅದು. ಕೊನೆಗೆ ತಲೆಗೆ ಇಷ್ಟು ಅಂತ ಒಂದು ತೆರಿಗೆ ತಂದರು. ಅರಮನೆಯಲ್ಲಿರುವವನಿಗೂ ಕಸ ಗುಡಿಸುವವನಿಗೂ ಒಂದೇ ದರ. 1990ರ ಮಾರ್ಚ್‌ನಲ್ಲಿ ಲಂಡನ್ನಿನ ಬೀದಿಯಲ್ಲಿ ಗಲಭೆಯಾಯಿತು, ಸ್ವಂತ ಪಕ್ಷದವರೇ ಬೇಡ ಅಂದರು, ಅವರು ಕೇಳಲಿಲ್ಲ. ನವೆಂಬರ್‌ನಲ್ಲಿ ಹುದ್ದೆ ಬಿಡಬೇಕಾಯಿತು. ಹಿಂದೆ ಗೆಲ್ಲಿಸಿದ ಗುಣವೇ ಮುಳುಗಿಸಿತು.

ಕೆಟ್ಟ ಪಕ್ಷಗಳಿಗೂ ಭಯಂಕರ ದೃಢತೆ ಇರುತ್ತದಲ್ಲ?

ಇರುತ್ತದೆ. ಈ ಪುಟದಲ್ಲಿ ನನಗೆ ಅತಿ ಕಷ್ಟವಾದ ಪ್ರಶ್ನೆ ಇದೇ. ನಾಜಿಗಳು 1932ರ ಜುಲೈನಲ್ಲಿ ಶೇ 37 ಮತ ಪಡೆದರು. ಅವರ ಕಾರ್ಯಕರ್ತರಲ್ಲಿ ನಂಬಿಕೆಗೆ, ತ್ಯಾಗಕ್ಕೆ ಕೊರತೆ ಇರಲಿಲ್ಲ. ಅಂದರೆ ನಾನು ಮೇಲೆ ಹೇಳಿದ ಅಳತೆಗೋಲು, ಏನು ಕಳೆದುಕೊಳ್ಳಲು ಸಿದ್ಧ ಅನ್ನುವುದು, ಇಲ್ಲಿ ಸೋಲುತ್ತದೆ. ಅದು ನಂಬಿಕೆ ಎಷ್ಟು ಆಳ ಅಂತ ಹೇಳುತ್ತದೆ, ಒಳ್ಳೆಯದೋ ಕೆಟ್ಟದೋ ಅಂತ ಹೇಳುವುದಿಲ್ಲ.

ಅದಕ್ಕೇ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಬೇಕು: ಈ ನಿಲುವಿನ ಬೆಲೆ ಕಟ್ಟುವವರು ಯಾರು? ಬ್ರಾಂಟ್ ತಮ್ಮ ಮಂಡಿಯೂರಿದರು, ಬೇರೆಯವರನ್ನು ಮಂಡಿಯೂರಿಸಲಿಲ್ಲ. ಅಂಬೇಡ್ಕರ್ ತಮ್ಮ ಕುರ್ಚಿ ಬಿಟ್ಟರು. ತನ್ನ ನಂಬಿಕೆಯ ಬಿಲ್ಲನ್ನು ದುರ್ಬಲರ ಹೆಸರಿಗೆ ಬರೆಸುವ ಪಕ್ಷವನ್ನು ಕಂಡರೆ ದೂರ ಇರಿ. ಸೋತರೆ ಸೋಲು ಒಪ್ಪುತ್ತಾರಾ ಅಂತಲೂ ನೋಡಿ.

ಒಳ್ಳೆಯ ಉದ್ದೇಶದವರೂ ಎಡವುತ್ತಾರೆ. ಅಮೆರಿಕದಲ್ಲಿ ಕುಡಿತದಿಂದ ಹಾಳಾದ ಸಂಸಾರಗಳನ್ನು ಕಂಡು ಮರುಗಿದವರೇ ಪಾನನಿಷೇಧ ತರಿಸಿದ್ದು. 1920ರಲ್ಲಿ ಜಾರಿಯಾಯಿತು. ಕಳ್ಳಭಟ್ಟಿ, ಗೂಂಡಾಗಳ ಕಾಟ ಬೆಳೆದು 1933ರಲ್ಲಿ ವಾಪಸ್ ತೆಗೆದರು.

ತಪ್ಪು ಒಪ್ಪಿಕೊಂಡರೆ ಜನ ದುರ್ಬಲರು ಅಂದುಕೊಳ್ಳಲ್ವಾ?

1956ರ ಸೆಪ್ಟೆಂಬರ್‌ನಲ್ಲಿ ಮಹಬೂಬ್‌ನಗರದ ಬಳಿ ರೈಲು ಅಪಘಾತವಾದಾಗ ರೈಲ್ವೆ ಮಂತ್ರಿ ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಡಲು ಹೋದರು, ನೆಹರೂ ಬೇಡ ಅಂದರು. ನವೆಂಬರ್‌ನಲ್ಲಿ ಅರಿಯಲೂರಿನಲ್ಲಿ ಇನ್ನೊಂದು. ಈ ಸಲ ಕೊಟ್ಟೇ ಬಿಟ್ಟರು. ಎಂಟು ವರ್ಷ ಆದಮೇಲೆ ಅವರೇ ಪ್ರಧಾನಿ. ಇವತ್ತಿಗೂ ಎಲ್ಲಿ ರೈಲು ಹಳಿ ತಪ್ಪಿದರೂ ಜನರ ಬಾಯಲ್ಲಿ ಮೊದಲು ಬರುವ ಹೆಸರು ಅವರದ್ದು.

ಕಷ್ಟಪಟ್ಟು ಗಳಿಸಿದ ನೈತಿಕ ಬಲ ಅಧಿಕಾರ ಸಿಕ್ಕ ಮೇಲೆ ಎಲ್ಲಿ ಹೋಗುತ್ತದೆ?

ಖರ್ಚಾಗುತ್ತದೆ. ಬ್ಯಾಂಕಿನಲ್ಲಿಟ್ಟ ದುಡ್ಡಿನ ಹಾಗೆ ಅದು. ತೆಗೆಯುತ್ತಲೇ ಇದ್ದು ಏನೂ ಹಾಕದಿದ್ದರೆ ಒಂದು ದಿನ ಖಾಲಿ.

ದಕ್ಷಿಣ ಆಫ್ರಿಕಾದ ನೆಲ್ಸನ್ ಮಂಡೇಲಾ ಅವರಿಗೆ 1985ರಲ್ಲಿ ಷರತ್ತಿನ ಬಿಡುಗಡೆಯ ಆಸೆ ತೋರಿಸಿದರು. ಆಗಲೇ 22 ವರ್ಷಕ್ಕೂ ಮೇಲೆ ಜೈಲಿನಲ್ಲಿದ್ದರು. ಬೇಡ ಅಂದರು. ಆ ಉತ್ತರವನ್ನು ಅವರ ಮಗಳು ಸೊವೆಟೋದ ಕ್ರೀಡಾಂಗಣದಲ್ಲಿ ತುಂಬಿದ ಜನರ ಮುಂದೆ ಓದಿದರು. ಇನ್ನೂ ಐದು ವರ್ಷ ಒಳಗೇ ಕಳೆದರು. 1994ರಲ್ಲಿ ಅವರ ಪಕ್ಷ ಎಎನ್‌ಸಿಗೆ ಶೇ 62ರಷ್ಟು ಮತ ಬಂತು. ಮೂವತ್ತು ವರ್ಷ ಆದಮೇಲೆ, 2024ರಲ್ಲಿ, ಶೇ 40. ನಡುವೆ ಗಂಟೆಗಟ್ಟಲೆ ಕರೆಂಟು ಹೋಗುವ ಊರುಗಳು, ನಿರುದ್ಯೋಗ, ಸರ್ಕಾರಿ ಸಂಸ್ಥೆಗಳನ್ನೇ ಆಪ್ತರಿಗೆ ಒಪ್ಪಿಸಿದ ಹಗರಣ. 1994ರ ನಂತರ ಹುಟ್ಟಿದ ಹುಡುಗನಿಗೆ ಮಂಡೇಲಾ ಪಠ್ಯಪುಸ್ತಕದ ಚಿತ್ರ. ಅವನ ಕಣ್ಣಿಗೆ ಕಾಣುವುದು ಆರಿಹೋದ ಬಲ್ಬು.

ಒಬ್ಬ ಒಳ್ಳೆಯ ನಾಯಕ ಇದ್ದರೆ ಸಾಕಲ್ವಾ?

ಸ್ವಲ್ಪ ದಿನಕ್ಕೆ ಸಾಕು. ಇಟಲಿಯ ಕಮ್ಯುನಿಸ್ಟ್ ನಾಯಕ ಎನ್ರಿಕೋ ಬೆರ್ಲಿಂಗ್ವೇರ್ 1984ರ ಜೂನ್ 7ರಂದು ಪಾದುವಾದಲ್ಲಿ ಭಾಷಣ ಮಾಡುತ್ತಿರುವಾಗಲೇ ಮೆದುಳಿಗೆ ಆಘಾತವಾಯಿತು. ಮಾತು ತೊದಲುತ್ತಿದೆ, ಕರವಸ್ತ್ರ ಬಾಯಿಗೆ ಒತ್ತಿಕೊಳ್ಳುತ್ತಿದ್ದಾರೆ. ಎದುರಿನ ಜನ ಸಾಕು, ನಿಲ್ಲಿಸಿ ಅಂತ ಕೂಗಿದರು. ಅವರು ಮುಗಿಸಿಯೇ ಇಳಿದರು. ನಾಲ್ಕು ದಿನಕ್ಕೆ ತೀರಿಕೊಂಡರು. ರಾಜಕೀಯದ ಕೊಳೆಯ ವಿರುದ್ಧ ವರ್ಷಗಟ್ಟಲೆ ಮಾತಾಡಿದ್ದ ಮನುಷ್ಯ. ಮುಂದಿನ ವಾರದ ಯುರೋಪಿಯನ್ ಚುನಾವಣೆಯಲ್ಲಿ ಅವರ ಪಕ್ಷ ಶೇ 33.3 ಮತ ಪಡೆದು ಕ್ರಿಶ್ಚಿಯನ್ ಡೆಮಾಕ್ರಟರನ್ನು ಒಂದು ಕೂದಲೆಳೆಯಷ್ಟು ಹಿಂದಿಕ್ಕಿತು. ಏಳು ವರ್ಷದ ನಂತರ ಆ ಪಕ್ಷವೇ ಇರಲಿಲ್ಲ. ಎದುರಾಳಿಗಳೂ ಲಂಚದ ತನಿಖೆಯಲ್ಲಿ ಸಿಕ್ಕಿಬಿದ್ದು 1994ರಲ್ಲಿ ಬಾಗಿಲು ಹಾಕಿದರು, ಅದು ಬೇರೆ ಮಾತು.

ದೊಡ್ಡ ದೊಡ್ಡ ತತ್ವಗಳನ್ನು ಸಾಮಾನ್ಯ ಜನರಿಗೆ ಮುಟ್ಟಿಸೋದು ಹೇಗೆ?

ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಹುಡುಕಿ. 1930ರಲ್ಲಿ ಸ್ವಾತಂತ್ರ್ಯ ಅನ್ನುವ ದೊಡ್ಡ ಮಾತಿಗೆ ಗಾಂಧೀಜಿ ಹುಡುಕಿದ್ದು ಉಪ್ಪು. ಅವರ ಜೊತೆಯವರಿಗೇ ಅನುಮಾನ, ಉಪ್ಪು ಹಿಡಿದುಕೊಂಡು ಸಾಮ್ರಾಜ್ಯ ಅಲ್ಲಾಡಿಸುವುದಾ ಅಂತ. ವೈಸ್‌ರಾಯ್ ಇರ್ವಿನ್ ಇದರಿಂದ ತನ್ನ ನಿದ್ದೆಯೇನೂ ಕೆಡುತ್ತಿಲ್ಲ ಅಂತ ಬರೆದಿದ್ದರು. ಮಾರ್ಚ್ 12ಕ್ಕೆ 78 ಜನರೊಂದಿಗೆ ಹೊರಟರು, ಏಪ್ರಿಲ್ 6ಕ್ಕೆ ದಂಡಿಯಲ್ಲಿ ಒಂದು ಹಿಡಿ ಉಪ್ಪು ಎತ್ತಿದರು. ವರ್ಷ ಮುಗಿಯುವುದರೊಳಗೆ ಅರವತ್ತು ಸಾವಿರಕ್ಕೂ ಹೆಚ್ಚು ಜನ ಜೈಲಿನಲ್ಲಿದ್ದರು. ಕಾನೂನು ಓದದ ಹೆಂಗಸಿಗೂ ಆ ತೆರಿಗೆ ಅನ್ಯಾಯ ಅಂತ ನಾಲಿಗೆಗೇ ಗೊತ್ತಿತ್ತು.

ಪಕ್ಷಾಂತರ ಮಾಡುವವರಿಗೆ ಜನ ಮತ್ತೆ ಯಾಕೆ ವೋಟು ಹಾಕುತ್ತಾರೆ?

1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದರು. "ಆಯಾ ರಾಮ್ ಗಯಾ ರಾಮ್" ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದ. 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂತು, ರೋಗ ಪೂರ್ತಿ ವಾಸಿಯಾಗಲಿಲ್ಲ. ಈ ಪಕ್ಷಕ್ಕೂ ಆ ಪಕ್ಷಕ್ಕೂ ಏನೂ ವ್ಯತ್ಯಾಸ ಇಲ್ಲ ಅಂತ ಜನರಿಗೆ ಅನ್ನಿಸಿದ ಮೇಲೆ, ಹಾರಿದವನನ್ನು ಯಾವ ಬಾಯಿಂದ ಬೈಯುತ್ತಾರೆ ಹೇಳಿ. ಆ ಮನೆಯಿಂದ ಈ ಮನೆಗೆ ಬಂದ, ಅಷ್ಟೇ ಅಂದುಕೊಳ್ಳುತ್ತಾರೆ.

ಮತ ಕೇಳಲು ಬಂದವರ ಹತ್ತಿರ ನಾನು ಏನು ಕೇಳಬೇಕು?

"ಚುನಾವಣೆ ಸೋತರೂ ಪರವಾಗಿಲ್ಲ, ನಿಮ್ಮ ಪಕ್ಷ ಬಿಡದ ವಿಷಯ ಯಾವುದು ಸ್ವಾಮಿ?" ಅಂತ ಕೇಳಿ. ಕಳೆದ ಸಲ ನಾನು ಇಬ್ಬರು ಅಭ್ಯರ್ಥಿಗಳಿಗೆ ಕೇಳಿದೆ. ಒಬ್ಬರು ಜೋರಾಗಿ ನಕ್ಕು, ನನ್ನ ಹೆಗಲು ತಟ್ಟಿ, ಮುಂದಿನ ಮನೆಗೆ ಹೋದರು. ಇನ್ನೊಬ್ಬರು ಗೇಟಿನ ಹತ್ತಿರವೇ ನಿಂತು ಯೋಚನೆ ಮಾಡಿದರು. ಹಿಂದಿದ್ದ ಹುಡುಗ "ಸಾರ್, ಟೈಮಾಯ್ತು" ಅನ್ನುತ್ತಲೇ ಇದ್ದ. ಕೊನೆಗೆ ಒಂದು ವಿಷಯ ಹೇಳಿದರು. ಅದು ನಾನು ಒಪ್ಪುವ ವಿಷಯವೇ ಅಲ್ಲ. ಕಾಲು ಗಂಟೆ ವಾದ ಮಾಡಿದೆವು, ಇಬ್ಬರೂ ಸೋಲಲಿಲ್ಲ. ವೋಟು ಅವರಿಗೇ ಹಾಕಿದೆ.